ಎರಡು ಬಾಟಲಿ ಕರಿ ಪುಡಿ

ನಮ್ಮನೆಯವರ ತಲೆ ನಲವತ್ತು ತುಂಬುವ ಮೊದಲೇ ಬೆಳ್ಳಗಾಯಿತು. ಒಂದು ಕೂದಲೂ ಉದುರಲಿಲ್ಲ. ನಿಂತ ಜಾಗದಲ್ಲೇ ಹತ್ತಿ ಹೊಲ ಒಡೆದ ಹಾಗೆ ಬಿಳುಪಾಯಿತು, ಅಷ್ಟೆ. ಅದರಿಂದ ಅವರಿಗೆ ಅನುಕೂಲವೇ ಆಗಿತ್ತು. ಬಸ್ಸಿನಲ್ಲಿ ಸೀಟು ಸಿಗುತ್ತಿತ್ತು, ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಕರೆಯುತ್ತಿದ್ದರು, ಓಣಿಯ ಜಗಳಕ್ಕೆ ನ್ಯಾಯ ಹೇಳಲು ಕೂರಿಸುತ್ತಿದ್ದರು. ಇಪ್ಪತ್ತು ವರ್ಷ ಆ ತಲೆಯ ಬಡ್ಡಿಯಲ್ಲೇ ಬದುಕಿದರು ಎನ್ನಬಹುದು. ಅದು ಅವರನ್ನು ನೋಯಿಸಿದ್ದು ಒಂದೇ ಸಲ, ಅರವತ್ತೆರಡನೆಯ ವಯಸ್ಸಿನಲ್ಲಿ.

ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳು ಸೇರಿ ಗುರುವಂದನೆ ಮಾಡುವುದು ಈಗ ಊರೂರಲ್ಲೂ ಬಂದಿದೆಯಲ್ಲ, ಹರಿಹರದಲ್ಲೂ ಬಂತು. ಮೊದಲು ಮೊಬೈಲಿನಲ್ಲಿ ಒಂದು ಗ್ರೂಪ್ ಹುಟ್ಟುತ್ತದೆ. ಎರಡು ತಿಂಗಳು ಎಲ್ಲರೂ ಒಬ್ಬರಿಗೊಬ್ಬರು ಗುಡ್ ಮಾರ್ನಿಂಗ್ ಹೇಳಿಕೊಳ್ಳುತ್ತಾರೆ. ಆಮೇಲೆ ಯಾರಿಗೋ ಮೇಷ್ಟ್ರು ನೆನಪಾಗುತ್ತಾರೆ. ನಮ್ಮನೆಯವರು ಓದಿದ್ದು ಬೆಳೆದದ್ದು ಎಲ್ಲಾ ಹರಿಹರದಲ್ಲಿ. ದಾವಣಗೆರೆಯ ವಿನೋಬನಗರಕ್ಕೆ ಬಂದದ್ದು ನೌಕರಿ ಸಿಕ್ಕ ಮೇಲೆ. ಹತ್ತಿರದಲ್ಲೇ ಇದ್ದೀಯ ಅಂತ ಮೇಷ್ಟ್ರನ್ನು ಮನೆಗೆ ಹೋಗಿ ಕರೆಯುವ ಕೆಲಸ ಇವರ ಪಾಲಿಗೆ ಬಂತು. ಜೊತೆಗೆ ನಾನೂ ಹೋದೆ.

ಮೇಷ್ಟ್ರಿಗೆ ಎಂಬತ್ತೈದು ದಾಟಿತ್ತು. ಕಣ್ಣು ಮಂಜು, ನೆನಪೂ ಅಲ್ಲಲ್ಲಿ ತೂತು. ಇವರು ಒಳಗೆ ಕಾಲಿಟ್ಟದ್ದೇ ತಡ, ಅವರು ಕೋಲೂರಿ ಎದ್ದು ನಿಂತು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು.

"ಬರ್ರಿ ಬರ್ರಿ, ಹಿರಿಯರು ಕೂಡ್ರಿ. ಯಾವ ಊರಿಂದ ಬಂದ್ರಿ?"

"ಸರ್, ನಾನ್ರಿ. ನಿಮ್ಮ ವಿದ್ಯಾರ್ಥಿ. ಮೂರನೇ ಬೆಂಚು, ಕಿಟಕಿ ಪಕ್ಕ."

ಮೇಷ್ಟ್ರು ಕಣ್ಣು ಕಿರಿದು ಮಾಡಿ ಇವರ ತಲೆಯನ್ನೇ ನೋಡಿ ನಕ್ಕುಬಿಟ್ಟರು. "ಸುಮ್ನಿರ್ರಿ ಯಜಮಾನ್ರೆ, ತಮಾಷೆ ಮಾಡಬ್ಯಾಡ್ರಿ. ನನ್ನ ಹುಡುಗ್ರ ತಲೆ ಕಾಡಿಗೆ ಬಳಿದಂಗಿದ್ವು. ಆ ಕಿಟಕಿ ಪಕ್ಕದವನ ಜುಟ್ಟು ಹಿಡಿದು ನಾನೇ ಎಷ್ಟು ಸಲ ನಿದ್ದೆಯಿಂದ ಎಬ್ಬಿಸೀನಿ. ನೀವು ನನಗಿಂತ ದೊಡ್ಡೋರು ಕಾಣ್ತೀರಿ. ಹಲ್ಲು ಎಲ್ಲಾ ಗಟ್ಟಿ ಅದಾವಾ?"

ಇವರು ಎಷ್ಟು ಹೇಳಿದರೂ ಮೇಷ್ಟ್ರು ಒಪ್ಪಲಿಲ್ಲ. ಕುರ್ಚಿಯಲ್ಲಿ ಇವರು, ಎದುರಿಗೆ ಕೋಲೂರಿ ನಿಂತ ಗುರುಗಳು. ಕೊನೆಗೆ ಮೇಷ್ಟ್ರ ಮಗಳೇ ಬಂದು ಇಬ್ಬರನ್ನೂ ಮಂಚದ ಮೇಲೆ ಅಕ್ಕಪಕ್ಕ ಕೂರಿಸಿ ಚಹಾ ಕೊಟ್ಟಳು. ಹೊರಡುವಾಗ ಮೇಷ್ಟ್ರು ಇವರಿಗೇ ಕೈಮುಗಿದರು.

ಸ್ಕೂಟರಿನಲ್ಲಿ ವಾಪಸ್ ಬರುವಾಗ, ದಾರಿಯ ಬಾತಿ ಊರು ದಾಟಿದ ಮೇಲೆ, ನಮ್ಮನೆಯವರು ಹೇಳಿದ್ದು ಇಷ್ಟು: "ಜುಟ್ಟು ನೆನಪೈತೆ ನೋಡು. ನಾನಿಲ್ಲ."

ಮನೆಗೆ ಬಂದವರೇ ನಿರ್ಧಾರ ಮಾಡಿದರು. ಗುರುವಂದನೆಯ ದಿನ ತಲೆ ಕಪ್ಪಗಿರಬೇಕು. ಮೇಷ್ಟ್ರು ಗುರುತು ಹಿಡಿಯಬೇಕು. ವೇದಿಕೆ ಮೇಲೆ ಎಲ್ಲರ ಮುಂದೆ ಇನ್ನೊಮ್ಮೆ "ಹಿರಿಯರು ಕೂಡ್ರಿ" ಅನ್ನಿಸಿಕೊಂಡರೆ ತಾನು ಎದ್ದು ತುಂಗಭದ್ರೆಗೆ ಹೋಗುವುದಾಗಿ ಹೇಳಿದರು. ನದಿಯಲ್ಲಿ ಆಗ ಮೊಣಕಾಲುದ್ದ ನೀರಿತ್ತು, ಆ ಮಾತು ಬೇರೆ.

ಅಂಗಡಿಯ ಬಣ್ಣ ಹಚ್ಚಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಮಗಳ ನಿಶ್ಚಿತಾರ್ಥಕ್ಕೆ ಒಮ್ಮೆ ಹಚ್ಚಿಕೊಂಡಿದ್ದರು. ಅವತ್ತಿನ ಫೋಟೋಗಳಲ್ಲಿ ಇವರ ಮುಖ ಎಣ್ಣೆಯಲ್ಲಿ ಉಬ್ಬಿದ ಪೂರಿಯ ಹಾಗಿದೆ, ಕಣ್ಣು ಎಲ್ಲಿವೆಯೆಂದು ಹುಡುಕಬೇಕು. ಬೀಗರು ಇವತ್ತಿಗೂ ಆ ಮನುಷ್ಯ ನಮ್ಮ ಕಡೆಯ ಬೇರೆ ಯಾರೋ ಎಂದು ತಿಳಿದಿದ್ದಾರೆ. ಡಾಕ್ಟರು ಇನ್ನು ಆ ಡಬ್ಬಿಯ ಹತ್ತಿರವೂ ಸುಳಿಯಬೇಡಿ ಎಂದಿದ್ದರು. ಹಾಗಾಗಿ ಉಳಿದದ್ದು ಅಡುಗೆಮನೆ.

ನಮ್ಮ ಓಣಿಯಲ್ಲಿ ಒಬ್ಬರ ಸಮಸ್ಯೆ ಒಬ್ಬರದಾಗಿ ಉಳಿಯುವುದಿಲ್ಲ. ಎದುರು ಮನೆಯ ಟೇಲರ್ ಹೆಂಡತಿ ಮೊಬೈಲಿನಲ್ಲಿ ನೋಡಿಕೊಂಡು ಬಂದು ಕಾಫಿ ಡಿಕಾಕ್ಷನ್ ಹೇಳಿದಳು. "ಗಟ್ಟಿಯಾಗಿ ಇಳಿಸಿ ಹಚ್ರಿ ಅಕ್ಕಾ, ಕೂದಲಿಗೆ ಹಿಡಿಲಿ ಅಂತ ಚೂರು ಬೆಲ್ಲ ಹಾಕ್ರಿ." ಬೆಲ್ಲದ ಮಾತು ಮೊಬೈಲಿನದಲ್ಲ, ಅವಳದೇ ಎಂದು ಆಮೇಲೆ ಗೊತ್ತಾಯಿತು. ಹಚ್ಚಿಕೊಂಡು ಮಧ್ಯಾಹ್ನ ಮಲಗಿದವರು ಅರ್ಧ ಗಂಟೆಯಲ್ಲಿ ಕೂಗಿಕೊಂಡು ಎದ್ದರು. ಕಿಟಕಿಯ ಸಂದಿಯಿಂದ ಹಿಡಿದು ದಿಂಬಿನವರೆಗೆ ಇರುವೆಗಳು ಶಿಸ್ತಾಗಿ ಸಾಲು ಕಟ್ಟಿದ್ದವು. ಬಣ್ಣ ಏನು ಬಂದಿತ್ತು ಅಂದರೆ, ಬಿಸಿಲಲ್ಲಿ ಬಿದ್ದ ಹಳೆಯ ಪೇಪರಿನ ಬಣ್ಣ.

ಮುಂದಿನ ವಾರ ಅರಿಶಿನ. ಕಬ್ಬಿಣದ ಬಾಣಲೆಯಲ್ಲಿ ಕರ್ರಗಾಗುವ ತನಕ ಹುರಿಯಬೇಕು ಎಂದು ಯಾರೋ ಹೇಳಿದ್ದರು. ನಾನು ಹುರಿಯುವಾಗ ಗ್ಯಾಸ್ ಮುಗಿಯಿತು. ಅರ್ಧ ಹುರಿದದ್ದನ್ನೇ ಹಚ್ಚಿದೆವು. ಸಂಜೆ ಅವರು ಟೋಪಿ ಹಾಕದೆ ಬಾಗಿಲಿಗೆ ಬಂದರು ನೋಡಿ, ತರಕಾರಿ ಗಾಡಿಯವನು ಬ್ರೇಕ್ ಹಿಡಿದು ನಿಂತ. "ಅಣ್ಣಾವ್ರೆ, ಅರಿಶಿನ ಶಾಸ್ತ್ರ ಯಾರ್ದು? ನಿಮ್ದಾ? ಅಕ್ಕಾರು ಒಪ್ಯಾರಾ?" ಆ ಹಳದಿ ಇಳಿಯಲು ಎಂಟು ದಿನ ಬೇಕಾಯಿತು. ಸಂಜೆ ಅವರು ತಪ್ಪದೆ ಕೂರುವ ಮಂಡಕ್ಕಿ ಅಂಗಡಿಯವನು ಬಿಡುತ್ತಾನೆಯೇ? "ಸಾಹುಕಾರ್ರೆ, ಇಲ್ಲಿ ಬಗ್ಗಿ ಸ್ವಲ್ಪ. ನಾಲ್ಕು ಸೇರು ಮಂಡಕ್ಕಿ ನಿಮ್ಮ ತಲೆ ಮ್ಯಾಲೆ ಕಲಸಿಬಿಡ್ತೀನಿ, ನನಗೆ ಮಸಾಲೆ ಉಳಿತೈತೆ."

ಮೆಂತ್ಯ, ಕರಿಬೇವು, ಲವಂಗ, ಈರುಳ್ಳಿ ರಸ ಎಲ್ಲ ಆಯಿತು. ಕರಿಬೇವು ರುಬ್ಬಿ ಹಚ್ಚಿಕೊಂಡ ದಿನ ಬಾಗಿಲ ಕಟ್ಟೆಯ ಮೇಲೆ ಬಿಸಿಲಿಗೆ ಕೂತು ತೂಕಡಿಸುತ್ತಿದ್ದರು. ಓಣಿಯ ಮೇಕೆಯೊಂದು ಬಂದು ಕಿವಿಯ ಮೇಲಿನದಕ್ಕೆ ಒಂದು ಬಾಯಿ ಹಾಕಿ, ಎರಡು ಸಲ ಅಗಿದು, ಮುಖ ತಿರುಗಿಸಿಕೊಂಡು ಹೋಯಿತು. ಗೋಡೆಗೆ ಹಚ್ಚಿದ ಪೋಸ್ಟರನ್ನೂ ಬಿಡದ ಮೇಕೆ ಅದು. ಇವರಿಗೆ ಆದ ಅವಮಾನ ಅಷ್ಟಿಷ್ಟಲ್ಲ.

ಇಷ್ಟು ದಿನ ನಮ್ಮತ್ತೆ ಸುಮ್ಮನಿದ್ದರು. ಅವರಿಗೆ ಎಂಬತ್ತನಾಲ್ಕು. ನನಗೆ ಮಾತು ಕಲಿಸಿದವರಲ್ಲಿ ನನ್ನ ಅಜ್ಜಿಯಾದ ಮೇಲೆ ಅವರೇ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಅವರು ಮಾತಾಡುವುದನ್ನು ಕೇಳಲಿಕ್ಕೆಂದೇ ರೊಟ್ಟಿ ಬಡಿಯಲು ಪಕ್ಕದಲ್ಲಿ ಕೂರುತ್ತಿದ್ದೆ. ಮೇಕೆ ಪ್ರಸಂಗ ಆದ ದಿನ ಅವರು ಮಗನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕುಂಬಳಕಾಯಿ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು.

"ಮೇಕೆ ಒಲ್ಲೆ ಅಂದ ತಲೆ ಹೊತ್ಕೊಂಡು ಮೇಷ್ಟ್ರ ಮುಂದೆ ನಿಲ್ತೀಯಾ? ಬಣ್ಣ ಹಿಡಿಯೋದಲ್ಲಪ್ಪಾ ಬೇಕಾಗಿರೋದು, ಮೆತ್ತೋದು. ಒಂದು ದಿನ ನಿಂತರೆ ಸಾಕಲ್ಲ? ನಾನು ಮಾಡ್ತೀನಿ ಬಿಡು."

ಒಣ ನೆಲ್ಲಿಕಾಯಿ, ಕರಿಬೇವು, ಒಂದು ಹಿಡಿ ಕರಿಎಳ್ಳು. ಕಬ್ಬಿಣದ ಬಾಣಲೆಯಲ್ಲಿ ಹಾಕಿ, ಮನೆಯವರೆಲ್ಲ ಕೆಮ್ಮುತ್ತ ಹೊರಗೆ ಓಡುವವರೆಗೂ ಹುರಿದು ಇದ್ದಿಲು ಮಾಡಿದರು. ಕುಟ್ಟಿ, ಸೋಸಿ, ಒಂದು ಬಾಟಲಿಗೆ ತುಂಬಿದರು. ಇದನ್ನು ಹರಳೆಣ್ಣೆಯಲ್ಲಿ ಕಲಸಿ ಬಾಚಿಕೊಂಡರೆ ಕಾಡಿಗೆಯ ಹಾಗೆ ಕೂರುತ್ತದೆ, ನೀರು ಹಾಕುವ ತನಕ ಹೋಗುವುದಿಲ್ಲ ಎಂದರು.

ಬಾಣಲೆ ಹೇಗೂ ಕಾದಿದೆಯೆಂದು ಅದೇ ದಿನ ಗುರೆಳ್ಳನ್ನೂ ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಹಾಕಿ ಕುಟ್ಟಿದರು. ಗುರೆಳ್ಳು ಚಟ್ನಿ ಪುಡಿಯಿಲ್ಲದೆ ನಮ್ಮಲ್ಲಿ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. "ಇದು ಮೇಷ್ಟ್ರಿಗೆ. ಬರೀ ಕೈಯಾಗ ಹೋಗಬ್ಯಾಡ್ರಿ" ಎಂದು ಅದನ್ನೂ ಒಂದು ಬಾಟಲಿಗೆ ತುಂಬಿ ಕೊಟ್ಟರು. ಎರಡೂ ಒಂದೇ ಜಾತಿಯ ಖಾಲಿ ಬಾಟಲಿ, ಎರಡೂ ಕರಿ ಪುಡಿ. ತಲೆಯದು ಇನ್ನೂ ಕಪ್ಪು, ಚಟ್ನಿಯದು ತುಸು ಬೂದು, ಬಿಸಿಲಲ್ಲಿ ಹಿಡಿದು ನೋಡಿದರೆ ಗೊತ್ತಾಗುವಷ್ಟು. ನಮ್ಮ ಮನೆಯಲ್ಲಿ ಡಬ್ಬಿಯ ಮೇಲೆ ಹೆಸರು ಬರೆಯುವ ಪದ್ಧತಿಯಿಲ್ಲ. ಯಾವ ಜಾಗದಲ್ಲಿ ಇದೆಯೋ ಅದೇ ಅದರ ಹೆಸರು. ಗುರುವಂದನೆಯ ಹಿಂದಿನ ದಿನ ನಾನು ಹಲಗೆ ಒರೆಸುವಾಗ ಜಾಗ ಕದಲಿತ್ತು.

ಗುರುವಂದನೆಯ ಬೆಳಿಗ್ಗೆ ನಾನು ಪುಡಿ ಕಲಸಲು ಹೋದಾಗ ಅತ್ತೆ ಲಿಂಗಪೂಜೆಗೆ ಕೂತಿದ್ದರು. ಎಡಗೈಯಲ್ಲಿ ಲಿಂಗ, ಮುಚ್ಚಿದ ಬಾಯಿ. ಪೂಜೆಗೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಅವರು ಮಾತಾಡುವವರಲ್ಲ. ನಾನು ಎರಡೂ ಕೈಯಲ್ಲಿ ಒಂದೊಂದು ಬಾಟಲಿ ಹಿಡಿದು ಅವರ ಮುಂದೆ ನಿಂತೆ. "ಯಾವ್ದು ಅತ್ತೀ?"

ಅವರು ಅರ್ಧ ಕಣ್ಣು ತೆಗೆದು, ಬಲಗೈ ಬಾಟಲಿಯ ಕಡೆ ಗದ್ದ ಎತ್ತಿ, ಮತ್ತೆ ಕಣ್ಣು ಮುಚ್ಚಿದರು. ಅವರು ತೋರಿಸಿದ್ದು ಮೇಷ್ಟ್ರಿಗೆ ಕಟ್ಟುವುದನ್ನು. ನಾನು ತಿಳಿದದ್ದು ತಲೆಗೆ ಹಚ್ಚುವುದನ್ನು.

ವಾಸನೆ ಬರಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದರು. ಬಂತು. ಆದರೆ ತಿಂಗಳಿಂದ ಆ ತಲೆ ದಿನಕ್ಕೊಂದು ಪಲ್ಯದ ವಾಸನೆ ಹೊಡೆಯುತ್ತಿತ್ತು. ಬೆಳ್ಳುಳ್ಳಿ ವಾಸನೆ ಬಂದರೆ ಅತ್ತೆ ಅದನ್ನೂ ಹಾಕಿರಬೇಕು ಅಂದುಕೊಂಡೆ. ಹರಳೆಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ, ಬೇರಿನಿಂದ ತುದಿಯವರೆಗೆ ಬಳಿದು, ಬಾಚಿದೆ. ಏನು ಹೇಳಲಿ, ಬೈತಲೆ ತೆಗೆದ ಮೇಲೆ ಮೂವತ್ತು ವರ್ಷ ಹಿಂದಿನ ಗಂಡ ಕಂಡರು. ಅಲ್ಲಲ್ಲಿ ಸ್ವಲ್ಪ ನುಚ್ಚುನುಚ್ಚಾಗಿದ್ದರು, ಅಷ್ಟೆ.

"ಉರಿತೈತೆ" ಎಂದರು.

ಅಷ್ಟರಲ್ಲಿ ಅತ್ತೆ ಪೂಜೆ ಮುಗಿಸಿ ಬಂದಿದ್ದರು. "ಉರಿಲಿ ಬಿಡು. ಬೇರಿಗೆ ಇಳಿಬೇಕಾದ್ರೆ ಉರಿತೈತೆ" ಎಂದು ಧೈರ್ಯ ಹೇಳಿ ಮಗನ ಹತ್ತಿರ ನಿಂತು ಮೇಲೆ ಕೆಳಗೆ ನೋಡಿದರು. "ಚೆಂದ ಆಗೈತೆ. ಯಾಕೋ ನಂಗೆ ಇವತ್ತು ಬೇಗ ಹಸಿವಾಗ್ತೈತಲ್ಲ" ಎಂದು ಅಡುಗೆಮನೆಗೆ ಹೋದರು.

ಸ್ಕೂಟರಿನಲ್ಲಿ ಹೋದರೆ ಗಾಳಿಗೆ ಪುಡಿ ಹಾರೀತೆಂದು ಬಸ್ಸು ಹತ್ತಿದೆವು. ಬಿಸಿಲು ಏರಿತ್ತು. ಹಳೇ ಪಿ.ಬಿ. ರಸ್ತೆಗೆ ಬರುವಷ್ಟರಲ್ಲಿ ಬಸ್ಸಿನ ಹಿಂದಿನಿಂದ ಒಬ್ಬರು ಕೂಗಿದರು. "ಯಾರ್ರೀ ಅದು ರೊಟ್ಟಿ ಗುರೆಳ್ಳು ಪುಡಿ ಬಿಚ್ಚಿದೋರು? ಒಬ್ರೇ ತಿಂತೀರಾ?"

ಎಲ್ಲರೂ ತಿರುಗಿ ನೋಡಿದರು. ನಾನೂ ನೋಡಿದೆ, ಅದೂ ಸ್ವಲ್ಪ ತಿರಸ್ಕಾರದಿಂದ, ಬಸ್ಸಿನಲ್ಲಿ ಯಾರಪ್ಪ ಇಷ್ಟು ಹೊಟ್ಟೆಬಾಕರು ಅಂತ. ನಮ್ಮ ಮುಂದಿನ ಸೀಟಿನ ಹೆಂಗಸು ತಡೆಯಲಾರದೆ ತನ್ನ ಬುತ್ತಿಯನ್ನೇ ಬಿಚ್ಚಿದಳು. ಬಾತಿ ಹತ್ತಿರ ನಮ್ಮನೆಯವರ ಹಣೆಯ ಮೇಲೆ ಒಂದು ಹನಿ ಇಳಿಯಿತು. ಸೆರಗಿನಿಂದ ಒರೆಸಿದೆ. ಎಣ್ಣೆ, ಅದರಲ್ಲಿ ಕೆಂಪು ಚೂರು, ಒಂದು ಬಿಳಿ ಚೂರು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಬೆರಳನ್ನು ನಾಲಿಗೆಗೆ ಮುಟ್ಟಿಸಿದೆ.

ಮನೆಯಲ್ಲಿ ದಿನಾ ಉಣ್ಣುವ ರುಚಿ ಯಾರಿಗೆ ತಪ್ಪುತ್ತದೆ? ನನ್ನ ಗಂಡನ ತಲೆಯ ಮೇಲೆ ಅರ್ಧ ಬಾಟಲಿ ಚಟ್ನಿ ಪುಡಿ ಇತ್ತು.

ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಹೇಳಿದೆ. ಅವರು ಕೂಗಾಡಲಿಲ್ಲ. ಕೂಗಲು ಬಾಯಿ ತೆಗೆದರೆ ಕಣ್ಣು ಉರಿಯುತ್ತಿತ್ತು. ಅಲ್ಲೇ ಒಂದು ನಲ್ಲಿ ಇತ್ತು. ನಲ್ಲಿಯನ್ನು ನೋಡಿದರು, ನನ್ನನ್ನು ನೋಡಿದರು.

"ತೊಳೆದುಕೊಂಡುಬಿಡ್ರಿ," ಎಂದೆ.

"ತೊಳೆದ್ರೆ?"

"ತೊಳೆದ್ರೆ ಬೆಳ್ಳಗಾಗ್ತೈತೆ."

ಅವರು ಟವೆಲಿನಿಂದ ಹಣೆಯಷ್ಟನ್ನೇ ಒತ್ತಿಕೊಂಡರು. "ಬ್ಯಾಡ. ಚಟ್ನಿ ಆದ್ರೂ ಕರಿ ಐತಲ್ಲ. ನಡಿ."

ಅಷ್ಟರಲ್ಲಿ ಅವರ ಸಹಪಾಠಿಯೊಬ್ಬರು ಬೈಕಿನಲ್ಲಿ ಬಂದು, "ಅತ್ತಿಗೆ, ಆ ಚೀಲ ಕೊಡ್ರಿ, ಭಾರ ಯಾಕ ಹೊರ್ತೀರಿ" ಎಂದು ನನ್ನ ಕೈಯಿಂದ ತೆಗೆದುಕೊಂಡು ಹೊರಟೇಬಿಟ್ಟರು. ಚೀಲದಲ್ಲಿದ್ದದ್ದು ಮೇಷ್ಟ್ರಿಗೆ ಕೊಡಬೇಕಾದ ಬಾಟಲಿಯ ಜಾಗದಲ್ಲಿ ಬಂದ ಇನ್ನೊಂದು ಬಾಟಲಿ. ಅದು ನನಗೆ ನೆನಪಾದದ್ದು ತಡವಾಗಿ.

ಸಭಾಭವನದಲ್ಲಿ ಸುಮಾರು ಇಪ್ಪತ್ತೈದು ಜನ ವಿದ್ಯಾರ್ಥಿಗಳು, ಎಲ್ಲರೂ ಅರವತ್ತರ ಆಸುಪಾಸಿನವರು. ಒಳಗೆ ಹೋದ ತಕ್ಷಣ ನಾನು ಕಂಡದ್ದು ಏನೆಂದರೆ, ಒಂದು ತಲೆಯೂ ಬಿಳಿಯಿರಲಿಲ್ಲ. ಎಲ್ಲವೂ ಕಪ್ಪು, ಹೊಸ ಟೈರಿನ ಹಾಗೆ. ಮೇಷ್ಟ್ರು ವೇದಿಕೆಯಲ್ಲಿ ಶಾಲು ಹೊದ್ದು ಕೂತಿದ್ದರು. ಒಬ್ಬೊಬ್ಬರೇ ಹೋಗಿ ಕಾಲು ಮುಟ್ಟಿ ಹೆಸರು ಹೇಳುತ್ತಿದ್ದರು. ಮೇಷ್ಟ್ರು ಪ್ರತಿಯೊಬ್ಬರಿಗೂ ಒಂದೇ ಮಾತು: "ಸಂತೋಷ, ಸಂತೋಷ. ತಾವು ಯಾರು ಅಂತ ಗೊತ್ತಾಗಲಿಲ್ಲ." ಒಬ್ಬರು ತಾನು ಕ್ಲಾಸಿಗೆ ಮೊದಲು ಬರುತ್ತಿದ್ದೆ ಎಂದರು, ಒಬ್ಬರು ನಿಮ್ಮ ಸೈಕಲ್ಲಿನ ಗಾಳಿ ಬಿಟ್ಟದ್ದು ನಾನೇ ಎಂದು ಒಪ್ಪಿಕೊಂಡರು. ಗುರುತು ಸಿಗಲಿಲ್ಲ. ಇಪ್ಪತ್ತು ಕರಿ ತಲೆ ಅವರ ಮುಂದೆ ಬಗ್ಗಿ ಎದ್ದು ಹೋದವು.

ಸಾಲಿನಲ್ಲಿ ನಿಂತ ನಮ್ಮನೆಯವರ ಮುಖ ಸಣ್ಣಗಾಗುತ್ತಾ ಬಂತು. ಒಂದು ತಿಂಗಳ ಇರುವೆ, ಮೇಕೆ, ಅರಿಶಿನ ಎಲ್ಲ ವ್ಯರ್ಥವಾಯಿತೆಂದು ಅವರಿಗೆ ಅರ್ಥವಾಗಿತ್ತು. ಆದರೂ ಸರದಿ ಬಂದಾಗ ಹೋದರು. ಹೆಸರು ಕೂಡ ಹೇಳಲಿಲ್ಲ. ಸುಮ್ಮನೆ ಬಗ್ಗಿ ಮೇಷ್ಟ್ರ ಪಾದಕ್ಕೆ ಹಣೆ ಹಚ್ಚಿದರು.

"ಸಂತೋಷ, ಸಂತೋ..." ಎಂದ ಮೇಷ್ಟ್ರು ಅಲ್ಲಿಗೇ ನಿಂತರು. ಮೂಗು ಅರಳಿತು. ಎಡಕ್ಕೆ ತಿರುಗಿ ಮೂಸಿದರು, ಬಲಕ್ಕೆ ತಿರುಗಿ ಮೂಸಿದರು, ಆಮೇಲೆ ಬಗ್ಗಿದರು. ಇವರು ಏಳಲು ಹೋದರೆ ಅವರು ಬಿಡದೆ ತಲೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿದರು. ಆ ಕೈಯನ್ನು ಮೂಗಿನ ಹತ್ತಿರ ತಂದರು. ಇಡೀ ಸಭೆ ನೋಡುತ್ತಿದ್ದಂತೆ ಒಂದು ಬೆರಳನ್ನು ನಾಲಿಗೆಗೆ ಇಟ್ಟರು.

"ಉಪ್ಪು ಒಂದು ಹರಳು ಕಮ್ಮಿ ಆಗೈತೆ," ಎಂದರು. "ನಿಮ್ಮವ್ವಗೆ ಹೇಳು."

ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು.

"ಲೇ ಮೂರನೇ ಬೆಂಚು, ರೊಟ್ಟಿ ಎಲ್ಲೋ? ಬರೀ ಪುಡಿ ತಂದೀಯಾ?" ಎಂದವರೇ ಚಟ್ನಿ ಪುಡಿಯ ಜುಟ್ಟನ್ನು ಹಿಡಿದು ಎಳೆದು ಎಬ್ಬಿಸಿದರು.

ಆಮೇಲೆ ಮೈಕಿನಲ್ಲಿ ಮೇಷ್ಟ್ರೇ ಹೇಳಿದರು. ಅವರು ಹರಿಹರಕ್ಕೆ ಬಂದ ಹೊಸತರಲ್ಲಿ ಒಂಟಿ, ಹೊಳೆ ಕಡೆ ಒಂದು ಖೋಲಿ, ಬೆಳಿಗ್ಗೆ ಊಟವಿಲ್ಲ. ಮಕ್ಕಳನ್ನು ಕೇಳಲು ಮರ್ಯಾದೆ ಬಿಡುವುದಿಲ್ಲ. ಹಾಗಾಗಿ ದಿನಾ ಮಧ್ಯಾಹ್ನದ ಬೆಲ್ಲಿಗೆ ಮೂರನೇ ಬೆಂಚಿನವನನ್ನು ಕರೆದು, "ನಿನ್ನ ಬುತ್ತಿ ತೋರಿಸು, ಸ್ವಚ್ಛ ಐತೋ ಇಲ್ಲೋ ಪರೀಕ್ಷೆ ಮಾಡಬೇಕು" ಎನ್ನುತ್ತಿದ್ದರಂತೆ. "ಎರಡು ವರ್ಷ ಪರೀಕ್ಷೆ ಮಾಡೀನಿ. ಒಂದು ದಿನಾನೂ ಫೇಲ್ ಆಗಲಿಲ್ಲ. ಇವತ್ತೇ ನೋಡ್ರಿ, ಉಪ್ಪಿನಾಗ ಒಂದು ಮಾರ್ಕು ಹೋತು." ಅತ್ತೆಗೆ ಇದು ಆ ಕಾಲದಲ್ಲೇ ಗೊತ್ತಿತ್ತಂತೆ; ಮಗನಿಗೆ ಕಟ್ಟುವ ರೊಟ್ಟಿ ಎರಡರಿಂದ ನಾಲ್ಕಾದದ್ದು ಯಾಕೆಂದು ನಮ್ಮನೆಯವರು ಅವತ್ತಿನವರೆಗೆ ಕೇಳಿರಲಿಲ್ಲ.

ನಮ್ಮನೆಯವರ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಅದರಲ್ಲಿ ಮೆಣಸಿನಕಾಯಿಯ ಪಾಲು ಎಷ್ಟೆಂದು ನಾನು ಕೇಳಲಿಲ್ಲ.

ಊಟದ ಹೊತ್ತಿಗೆ ನನಗೆ ಚೀಲ ನೆನಪಾಗಿ ಅಡುಗೆಯವರ ಕಡೆ ಓಡಿದೆ. ತಡವಾಗಿತ್ತು. ಮೇಷ್ಟ್ರ ಭಾಷಣ ಕೇಳಿದವರೆಲ್ಲ ಬಾಟಲಿಯನ್ನು ಕಂಡು ಆ ಪುಡಿಯೇ ಇದು ಎಂದು ಮುಗಿಬಿದ್ದಿದ್ದರು. ಇದ್ದಿಲಾದ ನೆಲ್ಲಿಕಾಯಿಯನ್ನು ಮೊಸರನ್ನಕ್ಕೆ ಕಲಸಿಕೊಂಡು, ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದರು. "ಸ್ವಲ್ಪ ಕಹಿ ಐತೆ, ಆದ್ರೂ ಹಳೇ ಕಾಲದ ರುಚಿ ನೋಡ್ರಿ" ಎಂದರು ಒಬ್ಬರು. ಮೇಷ್ಟ್ರು ಮಾತ್ರ ಒಂದು ಚಿಟಿಕೆ ಬಾಯಿಗಿಟ್ಟು, "ಇದು ಅದಲ್ಲ" ಎಂದು ಎಲೆಯ ಅಂಚಿಗೆ ಸರಿಸಿದರು.

ಅವತ್ತಿನ ಗ್ರೂಪ್ ಫೋಟೋ ನಮ್ಮ ಗೋಡೆಯ ಮೇಲಿದೆ. ಇಪ್ಪತ್ತೈದು ಜನ ನಗುತ್ತಿದ್ದಾರೆ, ಹಲ್ಲು ಒಂದೊಂದೂ ತಲೆಯಷ್ಟೇ ಕಪ್ಪು. ನಡುವೆ ಬಿಳಿ ಹಲ್ಲಿನಲ್ಲಿ ನಗುತ್ತಿರುವವರು ಇಬ್ಬರೇ. ಒಬ್ಬರು ಮೇಷ್ಟ್ರು, ಕಟ್ಟಿಸಿದ ಹಲ್ಲು. ಇನ್ನೊಬ್ಬರು ನಮ್ಮನೆಯವರು, ಮೇಷ್ಟ್ರು ಅವರನ್ನು ಪಕ್ಕದಿಂದ ಏಳಲು ಬಿಡದ ಕಾರಣ ಅವರಿಗೆ ಪುಡಿಯ ಹತ್ತಿರ ಹೋಗಲಾಗಿರಲಿಲ್ಲ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ತಪ್ಪು ಬಾಟಲಿಗೆ ಬೈಸಿಕೊಳ್ಳಲು ಸಿದ್ಧಳಾಗಿಯೇ ನಿಂತಿದ್ದೆ. ಅವರು ಆ ಮಾತನ್ನೇ ಎತ್ತಲಿಲ್ಲ.

"ಉಪ್ಪು ಕಮ್ಮಿ ಅಂದ್ರಾ?"

"ಒಂದು ಹರಳು ಅಂದ್ರು ಅತ್ತೀ."

ಮಗನನ್ನು ಹತ್ತಿರ ಕರೆದು, ಕಿವಿಯ ಹಿಂದಿನಿಂದ ಒಂದಿಷ್ಟು ಬೆರಳಿಗೆ ತೆಗೆದುಕೊಂಡು ಬಾಯಿಗಿಟ್ಟು ಚಪ್ಪರಿಸಿದರು. "ಹೌದು ನೋಡವ್ವಾ, ಕಮ್ಮಿನೇ ಆಗೈತೆ. ಮೇಷ್ಟ್ರು ಸುಳ್ಳು ಹೇಳಲ್ಲ" ಎಂದು ಎದ್ದು ಬಾಣಲೆ ಇಟ್ಟರು.

ನಮ್ಮನೆಯವರ ತಲೆ ಮೂರು ಸಲ ಸೀಗೇಕಾಯಿ ಹಾಕಿ ತೊಳೆದ ಮೇಲೆ ಮೊದಲಿನಂತೆ ಬೆಳ್ಳಗಾಯಿತು. ಮತ್ತೆ ಕಪ್ಪು ಮಾಡುವ ಮಾತು ಅವರು ಎತ್ತಿಲ್ಲ. ಈಗ ಹದಿನೈದು ದಿನಕ್ಕೊಮ್ಮೆ ಹರಿಹರಕ್ಕೆ ಹೋಗುತ್ತಾರೆ. ಕೆಲವು ಸಲ ಮೇಷ್ಟ್ರು, "ಬರ್ರಿ, ಹಿರಿಯರು ಕೂಡ್ರಿ" ಎಂದು ಕೋಲೂರಿ ಎದ್ದು ಕುರ್ಚಿ ಬಿಡುತ್ತಾರಂತೆ. ಇವರು ಹೊಸ್ತಿಲ ಮೇಲೆ ಕೂತು ಚಟ್ನಿ ಪುಡಿಯ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ.

"ಓ, ನೀನಾ? ತಾ ಇಲ್ಲಿ, ಪರೀಕ್ಷೆ ಮಾಡ್ತೀನಿ."